ಮೇಜರ್ ಸಾಹೇಬರ ಹಾಲುಹಲ್ಲು

ನಾಯಿಮರಿಯ ಬಾಯೊಳಗೆ ಬೆರಳು ಹಾಕಿ ನೋಡಬಾರದಿತ್ತು. ನೋಡಿದರೂ ಸಾಹುಕಾರರು ಜಗಲಿಗೆ ಬರುವ ಹೊತ್ತಿಗೆ ಸರಿಯಾಗಿ ನೋಡಬಾರದಿತ್ತು. ಆದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶೇಷಪ್ಪನವರಿಗೆ ಹುಟ್ಟಿನಿಂದ ಒಂದು ಕಾಯಿಲೆ. ಯಾವುದನ್ನು ಕಂಡರೂ 'ಇದು ಯಾಕೆ ಹೀಗೆ?' ಎಂದು ಒಳಗೆ ಇಣುಕಿ ನೋಡದಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಹಿಂದೊಮ್ಮೆ ಜೇನುಪೆಟ್ಟಿಗೆಯೊಳಗೆ ಹೀಗೇ ಇಣುಕಿ, ಮುಖ ಊದಿ, ಕಣ್ಣು ಕಾಣದೆ ಎಸ್ಟೇಟಿನ ಹಾಜರಿ ಕೂಗಿದ್ದರು. ಆ ವಾರ ತೋಟಕ್ಕೆ ಬಾರದವರಿಗೆಲ್ಲ ಹಾಜರಿ ಬಿದ್ದು, ಬಂದವರೆಲ್ಲ ಗೈರುಹಾಜರಾಗಿದ್ದರು.

ಮರಿ ಸಾಹುಕಾರರದು, ಅಂದರೆ ಗೋಣಿಬೀಡಿನ ಕಾಫಿ ಪ್ಲಾಂಟರ್ ಮಲ್ಲಿಕಾರ್ಜುನಪ್ಪನವರದು. ಅತ್ತಿಗುಂಡಿಯ ಸ್ನೇಹಿತರೊಬ್ಬರು, ರೇವಣ್ಣನವರೆಂದು, ಬಹಳ ಪ್ರೀತಿಯಿಂದ ಕಳಿಸಿಕೊಟ್ಟದ್ದು. ಯುದ್ಧದ ಕಾಲ. ಊರಲ್ಲೆಲ್ಲ ಬರ್ಮಾ, ಜಪಾನು, ಪಟಾಲಮ್ಮುಗಳದೇ ಮಾತು. ಹಾಗಾಗಿ ಸಾಹುಕಾರರು ಮರಿಗೆ ಮೇಜರ್ ಎಂದು ಹೆಸರಿಟ್ಟಿದ್ದರು. ಹೆಸರಿಗೆ ತಕ್ಕಂತೆ ಮೇಜರ್ ಬಂದ ದಿನದಿಂದಲೇ ದಾಳಿ ಶುರುಮಾಡಿತು. ಮೊದಲು ಸಾಹುಕಾರರ ಮೆಟ್ಟಿನ ಹಿಮ್ಮಡಿ ಹೋಯಿತು. ಆಮೇಲೆ ಆರಾಮ ಕುರ್ಚಿಯ ಬೆತ್ತ. ಕೊನೆಗೆ ಅಮ್ಮನವರು ಪೂಜೆಗೆ ಕೂರುವ ಹಲಸಿನ ಮಣೆಯ ಒಂದು ಮೂಲೆ ಮಾಯವಾಗಿ ಅವರು ವಾಲಿಕೊಂಡು ಪೂಜೆ ಮಾಡುವಂತಾಯಿತು.

ಅದು ಸಿಟ್ಟಿಗೆ ಕಚ್ಚುವ ಮರಿಯಲ್ಲ. ಹಸಿವಿಗೂ ಅಲ್ಲ. ಎಲೆಅಡಿಕೆ ಹಾಕಿದ ಮುದುಕನ ಹಾಗೆ ಕಣ್ಣು ಅರೆಮುಚ್ಚಿ, ಜಗತ್ತಿನ ಗೊಡವೆಯಿಲ್ಲದೆ ಜಗಿಯುತ್ತಾ ಕೂರುತ್ತಿತ್ತು. ಈ ಕಣ್ಣು ಮುಚ್ಚುವುದೇ ಶೇಷಪ್ಪನವರ ತಲೆ ಕೆಡಿಸಿದ್ದು. ರುಚಿಗೆ ತಿನ್ನುವುದಾದರೆ ನುಂಗಬೇಕು, ಇದು ನುಂಗುವುದಿಲ್ಲ. ಹಾಗಾದರೆ ಆ ಬಾಯಲ್ಲಿ ನಡೆಯುತ್ತಿರುವುದೇನು?

ಅಂದು ಬೆಳಿಗ್ಗೆ ಜಗಲಿಯಲ್ಲಿ ಯಾರೂ ಇರಲಿಲ್ಲ. ಶೇಷಪ್ಪನವರು ಕುಕ್ಕರಗಾಲಲ್ಲಿ ಕೂತು ಮೇಜರನ ದವಡೆ ಬಿಡಿಸಿದರು. ಒಳಗೆ ಬಲಿತ ಹಲ್ಲುಗಳ ಸಾಲು. ಮೇಲಿನ ಕೋರೆಹಲ್ಲೊಂದು ಮಾತ್ರ ಅಕ್ಕಿ ನುಚ್ಚಿನಷ್ಟು ಸಣ್ಣದು, ಅಲ್ಲಾಡುತ್ತಿತ್ತು. ಅದರ ಪಕ್ಕದಲ್ಲೇ ವಸಡು ಸೀಳಿಕೊಂಡು ಇನ್ನೊಂದು ಹಲ್ಲು ಹೊರಗೆ ಬಂದಿತ್ತು! 'ಅಲಾ!' ಎಂದುಕೊಂಡು ಬೆರಳನ್ನು ಇನ್ನಷ್ಟು ಒಳಗೆ ತೂರಿದರು.

"ಏನ್ರೀ ಅದು ಶೇಷಪ್ಪ?"

ಸಾಹುಕಾರರು! ಬೆನ್ನ ಹಿಂದೆಯೇ ನಿಂತಿದ್ದರು. ಮೇಜರ್ ಅದೇ ಹೊತ್ತಿಗೆ ಬೆರಳನ್ನು ಅಡಿಕೆ ಕತ್ತರಿಸುವಂತೆ ಕತ್ತರಿಸುತ್ತಿತ್ತು. ಆದರೆ ಸಾಹುಕಾರರ ಎದುರಿಗೆ ಸಾಹುಕಾರರ ನಾಯಿ ಕಚ್ಚಿತು ಎನ್ನುವುದು ಹೇಗೆ?

"ಏನಿಲ್ಲ ಸಾಹುಕಾರ್ರೇ... ಸುಮ್ನೆ... ಹಲ್ಲು ನೋಡ್ತಿದ್ದೆ."

"ಬಾಯೊಳಗೆ ಕೈ ಹಾಕಿದ್ರೂ ಕಚ್ಚಲಿಲ್ವಾ?"

"ಎಲ್ಲಾದ್ರೂ ಉಂಟಾ!" ಎಂದು ನಕ್ಕು ಶೇಷಪ್ಪನವರು ಬೆರಳನ್ನು ಬೆನ್ನ ಹಿಂದೆ ಪಂಚೆಗೆ ಸುತ್ತಿಕೊಂಡರು.

"ಹಾಗಾದ್ರೆ ನಿಮಗೆ ನಾಯಿ ವಿದ್ಯೆ ಗೊತ್ತು. ಇಷ್ಟು ದಿನ ಬಾಯೇ ಬಿಡಲಿಲ್ಲವಲ್ರೀ!" ಸಾಹುಕಾರರ ಮುಖ ಅರಳಿತು. "ಇವತ್ತಿನ ಬಸ್ಸಿಗೇ ಹೊರಡಿ. ಮರೀನ ಚಿಕ್ಕಮಗಳೂರಿಗೆ ಮುಟ್ಟಿಸಬೇಕು. ಜವಳಿ ವ್ಯಾಪಾರದ ಓಂಕಾರಮೂರ್ತಿಗಳ ಮನೆಗೆ."

ಸಂಗತಿ ಇಷ್ಟು. ಸಾಹುಕಾರರ ಮಗಳನ್ನು ಓಂಕಾರಮೂರ್ತಿಗಳ ಮಗನಿಗೆ ಕೊಡುವ ಮಾತು ನಡೆದಿತ್ತು. ಆ ಕಡೆಯವರು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಒಂದು ಒಳ್ಳೆಯ ಉಡುಗೊರೆ ಹೋದರೆ ಹೂಂ ಎಂದಾರು. ಇತ್ತ ಮನೆಯ ಮರಮುಟ್ಟೂ ಉಳಿದೀತು.

"ಹಣೆ ನೋಡಿ, ವಿಭೂತಿ ಬಳಿದ ಹಾಗೆ ಬಿಳಿ ಪಟ್ಟೆ. ಶರಣರ ಮನೆಗೆ ಹೇಳಿ ಮಾಡಿಸಿದ ಮರಿ. ಅವರು ಸಂತೋಷಪಟ್ರೆ ಮದುವೆ ಮಾತು ಮೆಲ್ಲಗೆ ಎತ್ತಿ. ಇದೇನಾದ್ರೂ ಅವರ ಮನೇಲಿ ಬಾಯಿ ಹಾಕಿ ಮಾತು ಕೆಟ್ಟಿತೋ..." ಎಂದು ಸಾಹುಕಾರರು ಮಾತನ್ನು ಅಲ್ಲಿಗೇ ಬಿಟ್ಟರು. ಅವರು ಪೂರ್ತಿ ಆಡಿದ ಮಾತಿಗಿಂತ ಅರ್ಧಕ್ಕೆ ಬಿಟ್ಟ ಮಾತಿಗೆ ಎಸ್ಟೇಟಿನಲ್ಲಿ ತೂಕ ಹೆಚ್ಚು.

ಬುತ್ತಿ ಕಟ್ಟಿಕೊಡುವಾಗ ಹೆಂಡತಿ ರುಕ್ಮಿಣಮ್ಮ ಮರಿಯನ್ನೂ ಗಂಡನನ್ನೂ ಒಂದೇ ನೋಟದಲ್ಲಿ ಅಳೆದರು.

"ನಮ್ಮನೆ ಕೂಸಿಗೆ ಹಲ್ಲು ಬರೋವಾಗ ಒಂದು ದಿನ ಎತ್ಕೊಂಡಿದ್ದು ಕಾಣೆ. ಈಗ ಸಾಹುಕಾರ್ರ ನಾಯಿಗೆ ಹಲ್ಲು ಬರ್ತದೆ ಅಂತ ಕಂಕುಳಲ್ಲಿ ಇಟ್ಕೊಂಡು ಊರೂರು ಸುತ್ತೋ ಯೋಗ ಬಂತಲ್ಲ!"

"ಮೆತ್ತಗೆ ಮಾತಾಡೇ. ಇದು ಮೇಜರ್ರು" ಎಂದರು ಶೇಷಪ್ಪ. ಸಾಹುಕಾರರ ವಸ್ತುವೆಂದು ಅವರು ಮರಿಯನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು.

ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ ಬಸ್ಸುಗಳು ಇದ್ದಿಲು ತಿಂದು ಓಡುತ್ತಿದ್ದ ದಿನಗಳವು. ಬಸ್ಸಿನ ಬೆನ್ನಿಗೆ ಬಚ್ಚಲ ಹಂಡೆಯಂಥದೊಂದು ಒಲೆ. ಅದಕ್ಕೆ ಇದ್ದಿಲು ಸುರಿದು, ಗಾಳಿ ಹೊಡೆಯುವ ಚಕ್ರ ತಿರುಗಿಸಿ, ಊರವರೆಲ್ಲ ಕೆಮ್ಮಿ ಆದ ಮೇಲೆ ಬಸ್ಸು ಹೊರಡುತ್ತಿತ್ತು. ಡ್ರೈವರ್ ಕೆಂಪಯ್ಯನಿಗೆ ಆ ಬಸ್ಸಿನಲ್ಲಿ ಒಂದೇ ಒಂದು ವಿಷಯಕ್ಕೆ ಹೆಮ್ಮೆ. ಅದರ ಹಾರನ್ನು. ಹಿತ್ತಾಳೆಯ ಕಹಳೆ, ಅದರ ತುದಿಗೆ ಚಕ್ಕೋತದಷ್ಟು ದಪ್ಪದ ಕರಿ ರಬ್ಬರ್ ಬುಡ್ಡೆ. ಒಮ್ಮೆ ಹಿಸುಕಿದನೆಂದರೆ ಎದುರು ಗುಡ್ಡದ ದನಗಳೂ ದಾರಿ ಬಿಡುತ್ತಿದ್ದವು.

"ಸಾಹುಕಾರ್ರ ಮರಿಯಾ? ಮುಂದೇನೇ ಕೂತ್ಕಳಿ ರೈಟ್ರೇ, ನನ್ನ ಪಕ್ಕ" ಎಂದ ಕೆಂಪಯ್ಯ. ಆಮೇಲೆ ಈ ಮಾತಿಗೆ ಅವನು ಬಹಳ ನೊಂದುಕೊಂಡ.

ಹಿಂದಿನ ಸೀಟಿನಲ್ಲಿ ಗೋಣಿಬೀಡಿನ ಲಿಂಗಪ್ಪನವರು. ಊರ ಪಟೇಲರ ಷಡ್ಡಕ. ಅವರಿಗೆ ತಿಳಿಯದ ವಿಷಯವಿರಲಿಲ್ಲ, ತಿಳಿದದ್ದು ಯಾವತ್ತೂ ಉಪಯೋಗಕ್ಕೆ ಬಂದದ್ದೂ ಇರಲಿಲ್ಲ. ಅವರ ಪಕ್ಕದಲ್ಲಿ ಒಣಮೀನಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡ ಸಿದ್ದಮ್ಮ. ಆಲ್ದೂರಿನ ಸಂತೆಗೆ ಹೊರಟವಳು.

ಬಸ್ಸು ಊರ ಗಡಿ ದಾಟುವಷ್ಟರಲ್ಲಿ ಮೇಜರ್ ಶೇಷಪ್ಪನವರ ಕೋಟಿನ ಮೇಲಿನ ಗುಂಡಿಯನ್ನು ತೆಗೆದಿತ್ತು. ಮೂಡಿಗೆರೆ ಬರುವಷ್ಟರಲ್ಲಿ ಉಳಿದವೂ ಹೋಗಿದ್ದವು.

"ಬಿಡಿ ಮೇಜರ್ರೇ, ಬಿಡಿ. ಇದೊಂದೇ ಕೋಟು ಇರೋದು" ಎಂದು ಶೇಷಪ್ಪ ಅಂಗಲಾಚಿದರು.

ಲಿಂಗಪ್ಪನವರು ಮುಂದಕ್ಕೆ ಬಗ್ಗಿದರು. "ಇದಕ್ಕೆ ಹೊಟ್ಟೇಲಿ ಹುಳ. ಹುಳ ಇದ್ರೆ ಹೀಗೇ ಕಡಿಯೋದು."

"ಅಲ್ಲ ಲಿಂಗಪ್ಪನೋರೇ, ನಾನು ನೋಡಿದೀನಿ. ಹಳೇ ಹಲ್ಲು ಅಲ್ಲಾಡ್ತದೆ, ಪಕ್ಕದಲ್ಲಿ ಹೊಸದು ಬರ್ತದೆ. ಅದಕ್ಕೂ ಇದಕ್ಕೂ ಏನೋ ಸಂಬಂಧ ಇರಬೇಕು ಅಂತ..."

"ಮನುಷ್ಯರಿಗೆ ಹಲ್ಲು ಬೀಳ್ತದೆ. ನಾಯಿಗೆ ಬೀಳ್ತದಾ? ನೀವು ಯಾವತ್ತಾದ್ರೂ ದಾರೀಲಿ ನಾಯಿ ಹಲ್ಲು ಬಿದ್ದಿದ್ದು ಕಂಡಿದೀರಾ?"

ಶೇಷಪ್ಪ ಕಂಡಿರಲಿಲ್ಲ. ಬಸ್ಸಿನಲ್ಲಿ ಯಾರೂ ಕಂಡಿರಲಿಲ್ಲ. ಈ ಪ್ರಶ್ನೆ ಕೊನೆಯ ಸೀಟಿನ ತನಕ ಹೋಗಿ ವಾಪಸು ಬಂತು. ಒಬ್ಬ ಹಸುವಿಗೆ ಬೀಳುತ್ತದೆ ಎಂದ, ಇನ್ನೊಬ್ಬ ಆನೆಗೆ ಬೀಳುತ್ತದೆ ಎಂದ, ಮೂರನೆಯವನು ತನ್ನ ಅತ್ತೆಗೆ ಈ ವಯಸ್ಸಲ್ಲಿ ಹೊಸ ಹಲ್ಲು ಬಂದಿದೆ ಎಂದ. ಅಷ್ಟರಲ್ಲಿ ಮೇಜರ್ ಎರಡು ಸೀಟಿನ ಸಂದಿಯಿಂದ ಕತ್ತು ಚಾಚಿ ಲಿಂಗಪ್ಪನವರ ಕೊಡೆಯ ಬೆತ್ತದ ಹಿಡಿಯನ್ನು ಮೂಸಿತು.

"ಇರಿ ಮಾರಾಯ್ರೇ, ಈಗಲೇ ಬುದ್ಧಿ ಕಲಿಸ್ತೀನಿ. ಖಾರ! ಒಂದ್ಸಲ ನಾಲಿಗೆಗೆ ಖಾರ ತಾಗಿದ್ರೆ ಏಳೇಳು ಜನ್ಮಕ್ಕೂ ಮರ ಮುಟ್ಟಲ್ಲ. ನಿಮ್ಮ ಬುತ್ತೀಲಿ ಏನಿದೆ?"

ಬುತ್ತಿಯಲ್ಲಿ ಅಕ್ಕಿರೊಟ್ಟಿಯೂ ಗಾಂಧಾರಿ ಮೆಣಸಿನ ಚಟ್ನಿಯೂ ಇದ್ದವು. ಆ ಚಟ್ನಿಗೆ ಹೆದರಿ ಶೇಷಪ್ಪನವರ ಮನೆಗೆ ನೆಂಟರು ಬರುವುದು ಕಡಿಮೆಯಾಗಿತ್ತು. ಲಿಂಗಪ್ಪನವರು ಅದನ್ನು ಕೊಡೆಯ ಹಿಡಿಗೆ ಧಾರಾಳವಾಗಿ ಬಳಿದು ಮರಿಯ ಮೂತಿಗೆ ಹಿಡಿದರು. ಮೇಜರ್ ಮೂಸಿ, ಸೀನಿ, ಲಿಂಗಪ್ಪನವರನ್ನು ಒಂದು ಥರಾ ಮರುಕದಿಂದ ನೋಡಿ, ಮುಖ ತಿರುಗಿಸಿ ಬುತ್ತಿಯ ಬಟ್ಟೆಯನ್ನು ಜಗಿಯತೊಡಗಿತು.

"ನೋಡಿದ್ರಾ? ಮುಟ್ಟಲಿಲ್ಲ!" ಎಂದು ಲಿಂಗಪ್ಪನವರು ಗೆದ್ದ ಸಂತೋಷದಲ್ಲಿ ಕೊಡೆಯನ್ನು ಮಂಡಿಯ ನಡುವೆ ಇಟ್ಟುಕೊಂಡು, ಹಿಡಿಯ ಮೇಲೆ ಎರಡೂ ಅಂಗೈ ಊರಿ, ಬಸ್ಸಿನ ತೂಗಾಟಕ್ಕೆ ಹಾಗೇ ತೂಕಡಿಸಿದರು. ಒಂದು ಗುಂಡಿಗೆ ಬಸ್ಸು ಕುಪ್ಪಳಿಸಿತು. ಎಚ್ಚರವಾಯಿತು. ಎಚ್ಚರವಾದವರು ಎಲ್ಲರೂ ಮಾಡುವ ಹಾಗೆ ಎರಡೂ ಕೈಯಿಂದ ಕಣ್ಣುಜ್ಜಿಕೊಂಡರು.

ಬಸ್ಸಿನವರಿಗೆ ಮೊದಲು ಟೈರು ಒಡೆಯಿತು ಅನ್ನಿಸಿತಂತೆ. ಅಂಥ ಕೂಗು.

"ಸತ್ತೆ! ನಾಯಿ ನೋಡ್ಕೊಳ್ಳಿಕ್ಕೆ ಬಾರದವ್ರು ಬಸ್ಸು ಹತ್ತೋದು ಎಂತಕ್ಕೆ?" ಎಂದು ಅರಚುತ್ತಿದ್ದ ಲಿಂಗಪ್ಪನವರ ಮುಖಕ್ಕೆ ಶೇಷಪ್ಪ ನೀರು ಚಿಮುಕಿಸತೊಡಗಿದರು. ಈ ಗಡಿಬಿಡಿಯಲ್ಲಿ ಮೇಜರ್ ಸಿದ್ದಮ್ಮನ ಮಡಿಲು ಸೇರಿತ್ತು.

"ಹಲ್ಲು ಬರೋ ಕೂಸಿಗೆ ಖಾರ ತಿನ್ಸಕ್ಕೆ ಹೋಗ್ತಾರಲ್ಲ, ಗಂಡಸ್ರಿಗೆ ಬುದ್ಧಿ ಎಲ್ಲಿರ್ತದೋ" ಎಂದಳು ಸಿದ್ದಮ್ಮ. "ವಸಡು ತುರಿಸ್ತದೆ, ಪಾಪ. ಗಟ್ಟಿ ಏನಾದ್ರೂ ಕೊಟ್ರೆ ಸುಮ್ನಾಗ್ತದೆ. ತಗಾ ಮಗಾ."

ಶೇಷಪ್ಪ ತಿರುಗಿ ನೋಡುವಷ್ಟರಲ್ಲಿ ಮೇಜರನ ಬಾಯಲ್ಲಿ ಗೇಣುದ್ದದ ಒಣಮೀನು. ವಿಭೂತಿಯ ಪಟ್ಟೆಯ ಕೆಳಗೆ ಎರಡು ಕಣ್ಣೂ ಸಮಾಧಿಯಲ್ಲಿ ಮುಚ್ಚಿದ್ದವು.

"ಅಯ್ಯೋ ಸಿದ್ದಮ್ಮ, ಏನು ಮಾಡಿದೆ! ಇದು ಶರಣರ ಮನೆಗೆ ಹೋಗೋ ಮರಿ! ಮೀನಿನ ವಾಸನೆ ಹೊತ್ಕೊಂಡು ಹೋದ್ರೆ ಮದುವೆ ಮುರೀತದೆ!"

"ನಾಯಿಗೆ ಮದುವೇನಾ?" ಎಂದು ಸಿದ್ದಮ್ಮ ಬೆರಗಾದಳು.

ಮೀನು ಕಿತ್ತುಕೊಳ್ಳಲು ಕೈ ಚಾಚಿದ ಶೇಷಪ್ಪ ಒಂದು ಗಳಿಗೆ ತಡೆದರು. ಬೆಳಗಿನಿಂದ ಮೊದಲ ಸಲ ಮರಿ ಸುಮ್ಮನಿತ್ತು. ತಿನ್ನುತ್ತಿರಲಿಲ್ಲ. ಮೀನನ್ನು ಒಂದೇ ದವಡೆಗೆ, ಆ ಅಲ್ಲಾಡುವ ಹಲ್ಲಿನ ಕಡೆಗೇ ಒತ್ತಿ ಒತ್ತಿ ತಿಕ್ಕುತ್ತಿತ್ತು. 'ಹಾಗಾದರೆ ನಾನು ಅಂದುಕೊಂಡದ್ದು ನಿಜವೇ ಇರಬೇಕು' ಎಂದು ಅವರು ಬಗ್ಗಿ ನೋಡತೊಡಗಿದರು. ಮದುವೆ, ಸಾಹುಕಾರರು, ಚಿಕ್ಕಮಗಳೂರು, ಎಲ್ಲವೂ ಮರೆತುಹೋದವು.

ಆಗ ಆಲ್ದೂರಿನ ಹತ್ತಿರದ ಮೊದಲ ದೊಡ್ಡ ತಿರುವು ಬಂತು. ಕೆಂಪಯ್ಯ ಠೀವಿಯಿಂದ ಹಾರನ್ ಹಿಸುಕಿದ. ಪೋಂ!

ಮೇಜರ್ ಕಣ್ಣು ಬಿಟ್ಟಿತು. ಇಂಥ ಸದ್ದನ್ನು ಅದು ಇಷ್ಟು ಹತ್ತಿರದಿಂದ ಕೇಳಿರಲಿಲ್ಲ. ಮೀನು ಜಾರಿ ಬಿತ್ತು. ಕಿವಿ ನೆಟ್ಟಗಾದವು. ಕರಿ ಬುಡ್ಡೆ ಒಳಗೆ ಹೋಗುವುದು, ಉಬ್ಬುವುದು, ಕೂಗುವುದು. ಶೇಷಪ್ಪನವರ ಸಹವಾಸವೋ ಏನೋ, ಮರಿಗೂ 'ಇದು ಯಾಕೆ ಹೀಗೆ?' ಅನ್ನಿಸಿರಬೇಕು. ಸೀಟಿನ ಬೆನ್ನು ಹತ್ತಿ, ಶೇಷಪ್ಪನವರ ಹೆಗಲು ತುಳಿದು, ಒಂದೇ ನೆಗೆತಕ್ಕೆ ಬುಡ್ಡೆಗೆ ಬಾಯಿ ಹಾಕಿ ಜೋತುಬಿತ್ತು.

ಕೆಂಪಯ್ಯ ಇನ್ನೊಮ್ಮೆ ಹಿಸುಕಿದ. ಪುಸ್.

ಬಸ್ಸು ನಿಂತಿತು. ಕೆಂಪಯ್ಯ ಮರಿಯನ್ನು ಬಿಡಿಸಿ, ಶೇಷಪ್ಪನವರ ಮಡಿಲಿಗೆ ಹಾಕಿ, ಬುಡ್ಡೆಯನ್ನು ಒತ್ತಿ ನೋಡಿ, ತಲೆಗೆ ಕಟ್ಟಿದ್ದ ವಸ್ತ್ರ ತೆಗೆದು ಕೈಯಲ್ಲಿ ಹಿಡಿದ. ಸಾವಿನ ಮನೆಯಲ್ಲಿ ನಿಂತಂತೆ ನಿಂತ.

"ರೈಟ್ರೇ, ರಬ್ಬರೆಲ್ಲ ಮಿಲಿಟ್ರಿಗೆ ಹೋಗಿದೆ. ಈ ಬುಡ್ಡೆ ಇನ್ನೊಂದು ಬೇಕು ಅಂದ್ರೆ ಯುದ್ಧ ಮುಗೀಬೇಕು."

"ತಪ್ಪಾಯ್ತು ಕೆಂಪಯ್ಯ... ಹಾಗೇ ಮೆಲ್ಲಗೆ ಹೋಗಬಹುದಲ್ಲ?"

"ಮುಂದೆ ಬರೀ ತಿರುವು. ಎದುರಿಂದ ಗಾಡಿ ಬರ್ತದೆ, ಲಾರಿ ಬರ್ತದೆ. ಹಾರನ್ ಇಲ್ದೆ ನಾನು ಒಂದು ಮಾರೂ ಮುಂದೆ ಹೋಗಲ್ಲ. ಯುದ್ಧ ಮುಗಿಯೋ ತನಕ ಇಲ್ಲೇ ಇರ್ತೀನಿ."

ಜನ ಕೆಳಗಿಳಿದು ಪಂಚಾಯಿತಿ ಸೇರಿದರು. ಕೋರ್ಟಿಗೆ ಹೋಗುವವನೊಬ್ಬ, ಹೆರಿಗೆಯಾದ ಮಗಳನ್ನು ನೋಡಲು ಹೋಗುವವನೊಬ್ಬ, ಎಲ್ಲರೂ ಶೇಷಪ್ಪನವರನ್ನು ನುಂಗುವಂತೆ ನೋಡಿದರು. ಕೊನೆಗೆ ಒದ್ದೆ ವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡಿದ್ದ ಲಿಂಗಪ್ಪನವರೇ ತೀರ್ಪು ಕೊಟ್ಟರು. ಕಣ್ಣು ಮುಚ್ಚಿದ್ದರಿಂದ ನ್ಯಾಯದೇವತೆಯಂತೆಯೇ ಕಾಣುತ್ತಿದ್ದರು.

"ಯಾರ ನಾಯಿ ಹಾರನ್ ತಿಂತೋ, ಅವ್ರೇ ಹಾರನ್ ಆಗ್ಲಿ!"

ಎಲ್ಲರೂ ಒಪ್ಪಿದರು. ಶೇಷಪ್ಪನವರನ್ನು ಕೆಂಪಯ್ಯನ ಪಕ್ಕದ ಮೆಟ್ಟಿಲ ಬಳಿ ನಿಲ್ಲಿಸಿ, ಹೊರಗೆ ತಲೆ ಹಾಕಿಸಿದರು. ಹಾಜರಿ ಕೂಗುವುದನ್ನು ಬಿಟ್ಟರೆ ಜನ್ಮದಲ್ಲಿ ದನಿಯೆತ್ತಿದವರಲ್ಲ ಅವರು. ಮೊದಲ ತಿರುವಿಗೆ 'ಪೋಂ' ಎಂದದ್ದು ಬಿಸಿ ಕಾಫಿ ಊದಿದಂತೆ ಕೇಳಿಸಿತು.

"ಇನ್ನೂ ಗಟ್ಟಿಯಾಗಿ ರೈಟ್ರೇ! ಹೊಟ್ಟೆಯಿಂದ ಬರ್ಲಿ!"

"ಪೋಂ!"

"ಕೊನೇಲಿ ಸ್ವಲ್ಪ ಎಳೀರಿ. ನಮ್ಮ ಹಾರನ್ ಎಳೀತಿತ್ತು" ಎಂದ ಕೆಂಪಯ್ಯ, ಸ್ಟೇರಿಂಗ್ ಹಿಡಿದೇ ಕಣ್ಣೊರೆಸಿಕೊಂಡು.

"ಪೋಂಓಂಓಂ!"

ಮೇಜರ್ ಈಗ ಮುಂದಿನ ಸೀಟಿನಲ್ಲಿ ಕೂತು ಪ್ರತಿ ಕೂಗಿಗೂ ಕತ್ತೆತ್ತಿ 'ಊಊಊ' ಎಂದು ಸಾಥ್ ಕೊಡತೊಡಗಿತು. ಒಂದು ತಿರುವಿನಲ್ಲಿ ಎದುರಾದ ಎತ್ತಿನ ಗಾಡಿಯವನು ಗಾಡಿಯನ್ನು ಚರಂಡಿಗೆ ಇಳಿಸಿ, ಕೈ ಮುಗಿದು ನಿಂತು, "ಯಾರು ಹೋಗ್ಬಿಟ್ರು ಸ್ವಾಮಿ?" ಎಂದು ಕೇಳಿದ. ಆಲ್ದೂರಿನಲ್ಲಿ ಇಳಿಯುವಾಗ ಸಿದ್ದಮ್ಮ ಮಾತ್ರ ಒಂದು ಒಳ್ಳೆಯ ಮಾತು ಹೇಳಿದಳು. "ಹಳೇ ಹಾರನ್‌ಗಿಂತ ನೀವೇ ವಾಸಿ ಕಣಪ್ಪ. ನಿಮ್ಮ ಕೂಗಲ್ಲಿ ದುಃಖ ಇದೆ."

ಚಿಕ್ಕಮಗಳೂರು ಸೇರುವಾಗ ಶೇಷಪ್ಪನವರ ಗಂಟಲಲ್ಲಿ ದನಿಯ ತಳ ಮಾತ್ರ ಉಳಿದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕೆಂಪಯ್ಯ ರಬ್ಬರ್ ಬುಡ್ಡೆಯನ್ನು ಬಿಚ್ಚಿ ಬೆಳಕಿಗೆ ಹಿಡಿದಿದ್ದ.

"ಇಲ್ನೋಡಿ, ಎಂತದೋ ಸಿಕ್ಕಂಡಿದೆ."

ಶೇಷಪ್ಪ ನೋಡಿದರು. ತೂತಿನಲ್ಲಿ ಬಿಳಿಯದೊಂದು ಚೂರು. ಉಗುರಿನಿಂದ ಮೀಟಿದರೆ ಅಂಗೈಗೆ ಉದುರಿತು. ಹಲ್ಲು! ಮುಳ್ಳಿನ ತುದಿಯಂಥ ಪುಟ್ಟ ಕೋರೆಹಲ್ಲು. ಅವರು ಅಲ್ಲೇ ಕುಕ್ಕರಿಸಿ ಮೇಜರನ ಬಾಯಿ ಬಿಡಿಸಿದರು. ಅಲ್ಲಾಡುತ್ತಿದ್ದದ್ದು ಇಲ್ಲ. ಆ ಜಾಗದಲ್ಲಿ ಹೊಸ ಹಲ್ಲು ನೆಟ್ಟಗೆ ನಿಂತಿದೆ. ಮೇಲೆ ಕೆಳಗೆ ಎಲ್ಲ ಕಡೆ ಹುಡುಕಿದರು. ಹಳೆಯದು ಒಂದೂ ಉಳಿದಿಲ್ಲ. ಪಂಚೆಯ ಚುಂಗನ್ನು ಮೂತಿಗೆ ಹಿಡಿದರು. ಮೇಜರ್ ಬೇಡವೆಂದಿತು. ಚಪ್ಪಲಿ ಹಿಡಿದರು. ಬೇಡ. ಕೊನೆಗೆ ಧೈರ್ಯ ಮಾಡಿ ಬೆಳಗಿನ ಅದೇ ಬೆರಳನ್ನು ಚಾಚಿದರು. ಮೇಜರ್ ನೆಕ್ಕಿತು.

'ಹೀಗೋ ಸಂಗತಿ!' ಶೇಷಪ್ಪನವರ ಮೈ ಜುಮ್ಮೆಂದಿತು. ನಾಯಿಗೂ ಹಾಲುಹಲ್ಲು ಬೀಳುತ್ತದೆ. ಬೀಳುವ ತನಕ ಕಡಿಯುತ್ತದೆ, ಬಿದ್ದ ಮೇಲೆ ತಾನಾಗಿ ಬಿಡುತ್ತದೆ. ಯಾರೂ ಏನೂ ಮಾಡಬೇಕಾಗಿಲ್ಲ! ಹಲ್ಲನ್ನು ಜೋಪಾನವಾಗಿ ಕೋಟಿನ ಜೇಬಿಗೆ ಹಾಕಿಕೊಂಡು, ದೊಡ್ಡದೇನನ್ನೋ ಕಂಡುಹಿಡಿದವರಂತೆ ಎದ್ದು ನಿಂತರು.

"ಸಂಜೆ ವಾಪಸ್ ಹೋಗೋವಾಗ್ಲೂ ನೀವೇ ಹಾರನ್ನು. ತಡ ಮಾಡ್ಬೇಡಿ" ಎಂದ ಕೆಂಪಯ್ಯ.

ಕೆರೆಯ ಏರಿಯ ಕೆಳಗೆ ಮೇಜರನಿಗೆ ಸೀಗೆಪುಡಿ ಹಾಕಿ ಅಭ್ಯಂಜನವಾಯಿತು. ಮೀನಿನ ವಾಸನೆ ಹೋಗಲಿಲ್ಲ. ಅಂಗಡಿಯಿಂದ ಕರ್ಪೂರ ತಂದು ಪುಡಿಮಾಡಿ ಮೈಗೆಲ್ಲ ತಿಕ್ಕಿದರು. ಈಗ ಮರಿ ದೇವಸ್ಥಾನದ ಪಕ್ಕದ ಮೀನಂಗಡಿಯ ಹಾಗೆ ಘಮಘಮಿಸಿತು.

ಓಂಕಾರಮೂರ್ತಿಗಳದು ಮುಂದೆ ಅಂಗಡಿ, ಹಿಂದೆ ಮನೆ. "ಶರಣು ಬನ್ನಿ, ಶರಣು ಬನ್ನಿ" ಎಂದು ಅವರು ಜಮಖಾನ ಹಾಸಿಸಿದರು. ಶೇಷಪ್ಪ ಕೈ ಮುಗಿದು, ಮಡಿಲಿನಿಂದ ಮರಿಯನ್ನು ಇಳಿಸಿ, "ಸಾಹುಕಾರ್ರು... ಪ್ರೀತಿಯಿಂದ..." ಎಂದು ಪಿಸುಗುಟ್ಟಿದರು.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಬಿಳಿ ಹೆಣ್ಣುನಾಯಿಯೊಂದು ಬಾಣದಂತೆ ಓಡಿಬಂದು ಮೇಜರನ ಮೇಲೆ ಬಿದ್ದು ಮುಖ ಮೂತಿ ನೆಕ್ಕತೊಡಗಿತು. ಅದರ ಹಿಂದೆಯೇ ಬಂದ ಮನೆಯೊಡತಿ ಗಿರಿಜಾಂಬಾ ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯೋ ಶಿವನೇ! ರೀ, ಇದು ನಮ್ಮ ಚಂಪಿ ಮರಿ!"

ಓಂಕಾರಮೂರ್ತಿಗಳ ಮುಖ ನೀರಿಗೆ ಅದ್ದಿದ ಖಾದಿಯಂತಾಯಿತು. "ಇರಲಾರದು..."

"ಇರಲಾರದೇನು? ಅತ್ತಿಗುಂಡಿ ರೇವಣ್ಣನೋರಿಗೆ ನೀವೇ ಕೊಟ್ಟು ಕಳಿಸಿದ್ರಿ."

"ಪ್ರೀತಿಯಿಂದ ಕೊಟ್ಟೆ" ಎಂದರು ಓಂಕಾರಮೂರ್ತಿ, ಶೇಷಪ್ಪನವರ ಕಡೆ ಓರೆಗಣ್ಣಿನಿಂದ ನೋಡುತ್ತಾ.

"ಎಂಥಾ ಪ್ರೀತಿ! ಧಾರೆ ಸೀರೆ ಕಟ್ಟುಗಳಿಗೆ ಬಾಯಿ ಹಾಕ್ತು ಅಂತ ರಾತ್ರೋರಾತ್ರಿ ಸಾಗಹಾಕಿದ್ರಿ. ಅವ್ರು ನಿಮ್ಮ ಬೀಗರಾಗೋರಿಗೆ ಸಾಗಹಾಕಿದ್ರು, ಅವ್ರು ನಮಗೇ ಸಾಗಹಾಕಿದ್ರು!"

ಇನ್ನೇನು, ಮುಗಿಯಿತು ಎಂದುಕೊಂಡರು ಶೇಷಪ್ಪ. ಮದುವೆ ಹೋಯಿತು. ಕೆಲಸವೂ ಹೋಯಿತು. ಅವರು ಗಂಟಲಿನ ತಳದಿಂದ ಒಂದೊಂದೇ ಅಕ್ಷರವನ್ನು ಕೆರೆದು ತೆಗೆದರು.

"ಈಗ... ಕಚ್ಚಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಓಂಕಾರಮೂರ್ತಿಗಳು ಒಳಗಿನಿಂದ ರೇಷ್ಮೆ ಅಂಚಿನ ಪಂಚೆಯೊಂದನ್ನು ತಂದು, ದೇವರನ್ನು ನೆನೆದು, ಮರಿಯ ಮುಂದೆ ಹಾಸಿದರು. ಅಂಗಡಿಯ ಆಳುಗಳೂ ಇಣುಕಿದರು. ಮೇಜರ್ ಪಂಚೆಯ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಮೂಸಿತು. ಒಂದು ಸುತ್ತು ತಿರುಗಿತು. ಅದರ ಮೇಲೆ ಮುದುರಿ ಮಲಗಿ ನಿದ್ದೆಹೋಯಿತು.

"ಆಶ್ಚರ್ಯ!" ಎಂದರು ಓಂಕಾರಮೂರ್ತಿ. "ಕಬ್ಬಿಣದ ಪೆಟ್ಟಿಗೆಗೇ ಬಾಯಿ ಹಾಕಿದ ಪ್ರಾಣಿ ಇದು! ಏನು ಮಾಡಿದ್ರಿ ಶೇಷಪ್ಪನೋರೇ?"

ಇಡೀ ಮನೆ ಅವರ ಬಾಯನ್ನೇ ನೋಡುತ್ತಿತ್ತು. ಜೇಬಿನಲ್ಲಿ ಬೆರಳಿಗೆ ಆ ಪುಟ್ಟ ಹಲ್ಲು ತಾಕಿತು. ಅದನ್ನು ತೆಗೆದು ತೋರಿಸಿದ್ದರೆ ಆಗಿತ್ತು. ಹಲ್ಲು ಬಿತ್ತು, ಅಷ್ಟೇ. ಆದರೆ ಇಷ್ಟು ವರ್ಷ ಎಸ್ಟೇಟಿನಲ್ಲಿ ದುಡಿದರೂ ಯಾರೂ ಅವರನ್ನು ಹೀಗೆ, ಕಣ್ಣರಳಿಸಿ ನೋಡಿರಲಿಲ್ಲ. ಆ ದಿನವಂತೂ ಬೈಗುಳವಲ್ಲದೆ ಬೇರೇನೂ ಕಿವಿಗೆ ಬಿದ್ದಿರಲಿಲ್ಲ. ಗಂಟಲಲ್ಲಿ ಇನ್ನೆರಡು ಮಾತಿನಷ್ಟು ದನಿ ಉಳಿದಿತ್ತು. ಶೇಷಪ್ಪನವರು ಬೆನ್ನು ನೆಟ್ಟಗೆ ಮಾಡಿ, ಗುಂಡಿಯಿಲ್ಲದ ಕೋಟನ್ನು ಸರಿಮಾಡಿಕೊಂಡರು.

"ನಾಯಿ... ವಿದ್ಯೆ" ಎಂದರು.

ದನಿ ಪಿಸುಮಾತಾದ್ದರಿಂದ ಅದು ಮಂತ್ರದಂತೆಯೇ ಕೇಳಿಸಿತು. ಗಿರಿಜಾಂಬಾ ಕೈ ಮುಗಿದೇಬಿಟ್ಟರು. ಹೋಳಿಗೆ ಬಂತು, ತುಪ್ಪ ಬಂತು. ಓಂಕಾರಮೂರ್ತಿಗಳು ತಾವೇ ಎದ್ದು ಬಂದು ಶೇಷಪ್ಪನವರ ಪಕ್ಕದಲ್ಲಿ ಕೂತರು.

"ಇಂಥ ಮನುಷ್ಯರನ್ನ ಇಟ್ಕೊಂಡಿರೋ ಮನೆತನ ಸಾಮಾನ್ಯ ಅಲ್ಲ. ಸಾಹುಕಾರರಿಗೆ ಹೇಳಿ, ಈ ಸಂಬಂಧ ನಮಗೆ ಒಪ್ಪಿಗೆ."

ಶೇಷಪ್ಪನವರಿಗೆ ಕುಳಿತಲ್ಲೇ ಹಾರಿಹೋಗುವಂತಾಯಿತು. ಸಾಹುಕಾರರ ಅರಳಿದ ಮುಖ ಕಣ್ಣಿಗೆ ಕಟ್ಟಿತು. ಇನ್ನೊಂದು ಹೋಳಿಗೆ ಬಡಿಸಿಕೊಂಡರು.

"ಆದ್ರೆ ಒಂದು ಸಣ್ಣ ಮಾತು" ಎಂದರು ಓಂಕಾರಮೂರ್ತಿ, ಹಿತ್ತಲ ಕಡೆ ಕೈ ತೋರಿಸುತ್ತಾ. "ಚಂಪಿಯ ಜೊತೆಗೆ ಇನ್ನೊಂದು ನಾಯಿ ಇದೆ. ಅದು ಹಾಕಿದ ಮೂರು ಮರಿ. ಈಗ ಸರಿಯಾಗಿ ಅದೇ ವಯಸ್ಸು. ಅಂಗಡೀಲಿ ಒಂದು ತಾನು ಬಟ್ಟೆ ಉಳಿದಿಲ್ಲ. ಕೊಡೋಣ ಅಂದ್ರೆ ತಗೊಳ್ಳೋ ಸ್ನೇಹಿತರೂ ಉಳಿದಿಲ್ಲ. ನೀವು ಕರ್ಕೊಂಡು ಹೋಗಿ ವಿದ್ಯೆ ಕಲಿಸಿ. ಅವು ಕಚ್ಚೋದು ಬಿಟ್ಟ ದಿನ ನೀವೇ ತಂದ್ಬಿಡಿ. ಅವತ್ತೇ ವೀಳ್ಯ ಬದಲಾಯಿಸೋಣ. ಅಲ್ಲೀವರೆಗೆ ಮಾತು ಮಾತಾಗೇ ಇರ್ಲಿ. ಆಗ್ಬಹುದಾ?"

ಶೇಷಪ್ಪನವರ ಕೈಯಲ್ಲಿದ್ದ ಹೋಳಿಗೆ ಎಲೆಗೆ ಬಿತ್ತು. ಇಲ್ಲ, ನನಗೆ ಯಾವ ವಿದ್ಯೆಯೂ ಗೊತ್ತಿಲ್ಲ, ಹಲ್ಲು ತಾನಾಗೇ ಬಿತ್ತು, ಇಗೋ ನೋಡಿ ಎಂದು ಹೇಳಲು ಬಾಯಿ ತೆರೆದರು. ಬರೀ ಗಾಳಿ ಬಂತು. ಜೇಬಿನಿಂದ ಹಲ್ಲು ತೆಗೆದು ಅಂಗೈಯಲ್ಲಿಟ್ಟು ಮುಂದೆ ಚಾಚಿದರು. ಗಿರಿಜಾಂಬಾ ಅದನ್ನು ಭಕ್ತಿಯಿಂದ ಎತ್ತಿಕೊಂಡು, ಕಣ್ಣಿಗೆ ಒತ್ತಿ, "ತಾಯಿತಕ್ಕೆ ಕೊಟ್ರು ನೋಡಿ" ಎಂದು ಗಂಡನಿಗೆ ತೋರಿಸಿ, ದೇವರ ಕೋಣೆಗೆ ಹೋದರು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಇದ್ದಿಲ ಒಲೆ ಹೊತ್ತಿಕೊಂಡಿತ್ತು. ಮೆಟ್ಟಿಲ ಬಳಿ ಕಾಯುತ್ತಿದ್ದ ಕೆಂಪಯ್ಯ ದೂರದಿಂದಲೇ ಕೂಗಿದ.

"ಬನ್ನಿ ಬನ್ನಿ ರೈಟ್ರೇ, ನಿಮಗೋಸ್ಕರವೇ ನಿಲ್ಸಿದೀನಿ! ಸದ್ಯ, ಆ ಪೀಡೆ ತೊಲಗ್ತಲ್ಲ. ಬುಟ್ಟೀಲಿ ಏನು, ಬೀಗರ ಮನೆ ಹಣ್ಣಾ?"

ಶೇಷಪ್ಪನವರು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದರು. ಅವರ ಕೈಯಲ್ಲಿದ್ದ ಬೆತ್ತದ ಬುಟ್ಟಿಯ ಹಿಡಿ ಆಗಲೇ ಅರ್ಧ ಇರಲಿಲ್ಲ.